ಅಪ್ಪನ ಕಿಡಕಿ

ಕಳೆದ ತಿಂಗಳು ನನ್ನ ಅಂಗಡಿಯ ಟೇಬಲ್ಲಿಗೆ ಬಂದ ಒಂದು ಸಿಡಿಗೆ ಡಾಂಬರು ಗುಳಿಗೆಯ ವಾಸನೆ ಇತ್ತು. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಪ್ಪತ್ಮೂರು ವರ್ಷ ಮಲಗಿದ್ದ ಸಿಡಿ ಅದು. ತಂದವಳು ಪಲ್ಲವಿ, ತಿರ್ಲಾಪುರಕ್ಕೆ ಕೊಟ್ಟ ನನ್ನ ತಂಗಿ ರೇಣುಕಾಳ ಮಗಳು. ಅವಳ ಮದುವೆ ಗೊತ್ತಾಗಿದೆ.

"ಮಾಮಾ, ಇದರಾಗ ಅವ್ವ-ಅಪ್ಪನ ಮದಿವಿ ಐತಿ. ನನ್ನ ಮದಿವ್ಯಾಗ ದೊಡ್ಡ ಪರದೆ ಮ್ಯಾಲ ಎರಡು ನಿಮಿಷ ಹಾಕೂಣು. ಚಲೋ ಚಲೋದು ಆರಿಸಿ ಕೊಡು" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಅಲ್ಲಾ ಮಾಮಾ, ದೊಡ್ಡವ್ವ ಅವತ್ತು ಸಿಟ್ಟಾಗಿದ್ಲೇನು? ಇಡೀ ಸಿಡಿಯಾಗ ಎಲ್ಲೂ ಇಲ್ಲ. ಅವ್ವ ಈಗೂ ಅಂತಾಳ, 'ನನ್ನ ಅಕ್ಕಿಕಾಳಿನ ಹೊತ್ತಿಗೆ ಅಕ್ಕ ಬಾಜೂಕ ಬಂದು ನಿಲ್ಲಲಿಲ್ಲ' ಅಂತ."

ನಾನು ಏನೋ ಹುಡುಕುವವನಂತೆ ಡ್ರಾವರ್ ಎಳೆದೆ. ಅದರಲ್ಲಿ ಒಂದು ಕತ್ತರಿ, ಎರಡು ಹಳೆಯ ಬ್ಯಾಟರಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಹೋಗುವವರೆಗೂ ಹುಡುಕಿದೆ.

ಅಣ್ಣಿಗೇರಿಯಲ್ಲಿ ನನ್ನದೊಂದು ವಿಡಿಯೋ ಅಂಗಡಿ. ನಾನು ಓದಿದ್ದು ಏಳನೆಯ ತರಗತಿ. ಎಂಟನೆಯದಕ್ಕೆ ಹೆಸರು ಹಚ್ಚಿದ್ದು ನಿಜ, ಆದರೆ ಹಾಜರಿ ಹಾಕುತ್ತಿದ್ದದ್ದು ಬಸ್ ನಿಲ್ದಾಣದ ಬಳಿಯ ಫೋಟೋ ಅಂಗಡಿಯಲ್ಲಿ. ಕ್ಯಾಮೆರಾ ಹಿಡಿಯುವುದು ಕೈಗೆ ಬಂತು. ಆಮೇಲೆ ಕಂಪ್ಯೂಟರು ಬಂತು, ಅದರೊಳಗೆ ವಿಡಿಯೋ ಜೋಡಿಸುವ ಸಾಫ್ಟ್‌ವೇರು ಬಂತು, ಅದೆಲ್ಲ ಇಂಗ್ಲಿಷಿನಲ್ಲಿ ಬಂತು. ನನಗೆ ಅದರಲ್ಲಿ ಗುರುತು ಹತ್ತುತ್ತಿದ್ದದ್ದು 'ಓಕೆ' ಒಂದೇ. ಏನು ಕೇಳಿದರೂ ಓಕೆ ಒತ್ತುತ್ತಿದ್ದೆ. ಹಾಗೆ ಒತ್ತಿ ಒಂದು ಸೀಮಂತವನ್ನು ಪೂರ್ತಿ ಅಳಿಸಿದ್ದೇನೆ.

ನನ್ನನ್ನು ಉಳಿಸಿದವಳು ಅಕ್ಕ. ಶಾಂತಕ್ಕ ಎಸ್ಸೆಸ್ಸೆಲ್ಸಿ ಪಾಸಾದವಳು. ಮನೆಗೆಲಸ ಮುಗಿಸಿ, ಹನ್ನೊಂದರ ಸುಮಾರಿಗೆ ಅಂಗಡಿಗೆ ಬಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಪರದೆಯ ಮೇಲಿನದನ್ನು ಒಂದೊಂದೇ ಓದಿ ಹೇಳುತ್ತಿದ್ದಳು. ಗೊತ್ತಾಗದ ಶಬ್ದಕ್ಕೆ ಡಿಕ್ಷನರಿ ತೆಗೆಯುತ್ತಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂದು ಕನ್ನಡದಲ್ಲಿ ಬರೆದಿಟ್ಟಳು. 'ಇಲ್ಲಿ ಒತ್ತಿದರೆ ಹೂವು ಬೀಳುತ್ತವೆ. ಇಲ್ಲಿ ಒತ್ತಿದರೆ ನಿಲ್ಲುತ್ತವೆ.'

ಟೈಟಲ್ ಎಲ್ಲ ಅವಳದೇ ಕೆಲಸ. ವರನ ಹೆಸರು ಎಡದಿಂದ, ವಧುವಿನ ಹೆಸರು ಬಲದಿಂದ ಬಂದು ನಡುವೆ ಹೃದಯದ ಆಕಾರದಲ್ಲಿ ಸೇರಬೇಕು. ಒಮ್ಮೆ ನಾನು ಜಾಣತನ ಮಾಡಲು ಹೋಗಿ ವರನ ಹೆಸರು ಗಿರಗಿರನೆ ತಿರುಗಿ ತಲೆಕೆಳಗಾಗಿ ನಿಂತುಬಿಟ್ಟಿತು. ನೋಡಲು ಬಂದಿದ್ದ ಹುಡುಗನ ಕಾಕಾ ಕನ್ನಡಕ ಸರಿಮಾಡಿಕೊಂಡು, "ಹುಡುಗ ಹೆಂಗೂ ನೆಟ್ಟಗ ನಿಲ್ಲಂಗಿಲ್ಲ, ಹೆಸರರೆ ನೆಟ್ಟಗ ನಿಲ್ಲಸಪಾ" ಎಂದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು.

ಒಂದು ದಿನ ಅವಳೇ ಹೊಸದೊಂದನ್ನು ಕಂಡುಹಿಡಿದಳು. ಪಿಕ್ಚರ್ ಇನ್ ಪಿಕ್ಚರ್. "ಚಿತ್ರದೊಳಗ ಚಿತ್ರ ಅಂತಲೇ ತಮ್ಮಾ. ಕೆಳಗ ಮದಿವಿ ನಡದಿರತೈತಿ, ಮೂಲ್ಯಾಗ ಸಣ್ಣದೊಂದು ಕಿಡಕಿ ತಗದು ಮತ್ತೊಂದು ತೋರಸಬಹುದು." ಅಂದಿನಿಂದ ನಮ್ಮ ಅಂಗಡಿಯಲ್ಲಿ ಅದರ ಹೆಸರು ಕಿಡಕಿ. ಅದು ನಮ್ಮ ಕಡೆ ಎಷ್ಟು ಹಬ್ಬಿತೆಂದರೆ, ಮದುವೆಯನ್ನು ನೋಡದೆ ತೀರಿಕೊಂಡ ಹಿರಿಯರನ್ನೆಲ್ಲ ಜನ ಕಿಡಕಿಯಲ್ಲಿ ಕೂರಿಸಲು ಹತ್ತಿದರು. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮೂಲೆಯಲ್ಲಿ ದುಂಡಗೆ ಅಜ್ಜ ಮೂಡಬೇಕು, ಸುತ್ತಲೂ ಮೋಡ ಇರಬೇಕು, ಕೆಳಗೆ 'ನಿಮ್ಮ ಆಶೀರ್ವಾದ ಸದಾ ಇರಲಿ' ಎಂಬ ಟೈಟಲ್ ಹರಿಯಬೇಕು. ಗುಡಗೇರಿಯ ಒಂದು ಮನೆಯವರು ನಾಲ್ಕು ಜನ ಹಿರಿಯರ ಫೋಟೋ ತಂದುಕೊಟ್ಟಿದ್ದರು. ನಾಲ್ಕೂ ಮೂಲೆ ತುಂಬಿ, ವಧೂವರರು ನಡುವೆ ಇಕ್ಕಟ್ಟಿನಲ್ಲಿ ನಿಂತಿದ್ದರು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದಕ್ಕೇ ಎಂದು ನಿಮಗೂ ತಿಳಿದಿರಬಹುದು.

ಅಕ್ಕನಿಗೆ ಹದಿನೆಂಟು ದಾಟುವಾಗ ತೊನ್ನು ಕಾಣಿಸಿಕೊಂಡಿತು. ಮೊದಲು ಬೆರಳ ತುದಿ, ಆಮೇಲೆ ತುಟಿಯ ಬದಿ, ಆಮೇಲೆ ಹಣೆಯ ಅರ್ಧ. ನೋವಿಲ್ಲ, ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದರು. ನೋಡಲು ಬಂದ ಗಂಡಿನ ಕಡೆಯವರು ಚಹಾ ಕುಡಿದು, ಪತ್ರ ಬರೆಯುತ್ತೇವೆಂದು ಹೋದರು. ಅಕ್ಕ ಮೂರನೆಯ ಸಲಕ್ಕೆ, "ಇನ್ನ ಸಾಕು, ರೇಣೀದು ನೋಡ್ರಿ" ಎಂದಳು. ಹಾಗೆ ರೇಣುಕಾಳ ಮದುವೆಯಾಯಿತು. ಬೀಗರು ಹೆಣ್ಣು ನೋಡಲು ಬಂದಾಗಲೇ ಅಕ್ಕನನ್ನೂ ಕಂಡಿದ್ದರು, ಅವರಿಗೆ ಏನೂ ಅನ್ನಿಸಿರಲಿಲ್ಲ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಬೀಗರಿಗೆ ಹೆದರಿ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಮದುವೆಯ ದಿನ ಕ್ಯಾಮೆರಾ ನನ್ನ ಹೆಗಲ ಮೇಲಿತ್ತು. ಎತ್ತ ತಿರುಗಿದರೂ ಅಕ್ಕ. ಅರಿಷಿಣದಲ್ಲಿ ಅಕ್ಕ, ಹಂದರದ ಬಾಗಿಲಲ್ಲಿ ಅಕ್ಕ, ಅಕ್ಕಿಕಾಳಿನಲ್ಲಿ ರೇಣಿಯ ಹಿಂದೆ ಅಕ್ಕ. ಕಂಪ್ಯೂಟರಿನ ಮುಂದೆ ಕುಳಿತಾಗ ನನಗೆ ಒಂದು ಲೆಕ್ಕ ಹೊಳೆಯಿತು. ಇನ್ನು ಮನೆಯಲ್ಲಿ ಉಳಿದಿರುವ ಮದುವೆ ನನ್ನದು. ಹೆಣ್ಣು ಕೊಡುವವರು ಈ ಸಿಡಿ ತರಿಸಿ ನೋಡುತ್ತಾರೆ. ನಮ್ಮ ಕಡೆ ಮನೆತನ ನೋಡುವುದು ಆಗ ಹಾಗೇ ನಡೆಯುತ್ತಿತ್ತು. ನೋಡಿದವರು, ಇವರ ರಕ್ತದಲ್ಲೇ ಇದೆ ಎಂದುಬಿಟ್ಟರೆ?

ಅಕ್ಕ ಮದುವೆಗೆ ಬಾಡಿಗೆ ತಂದ ಭಾಂಡೆ-ಪಾತ್ರೆ ಎಣಿಸಿ ವಾಪಸು ಕೊಡುವುದರಲ್ಲಿದ್ದಳು. ಆ ನಾಲ್ಕು ದಿನದಲ್ಲಿ ಕೆಲಸ ಮುಗಿಸಿದೆ. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅವನದು ಇದ್ದದ್ದು ಒಂದೇ ಫೋಟೋ, ಸೊಸೈಟಿಯ ಪಾಸ್‌ಬುಕ್ಕಿನದು, ಫ್ಲ್ಯಾಶಿಗೆ ಬೆಚ್ಚಿಬಿದ್ದ ಮುಖ, ಬಿಳಿ ಟೊಪ್ಪಿಗೆ. ಅದನ್ನು ಕಿಡಕಿಯಲ್ಲಿ ಕೂರಿಸಿ ಅಕ್ಕನ ಮೇಲೆ ಇಟ್ಟೆ. ಅಕ್ಕ ಎಡಕ್ಕಿದ್ದರೆ ಅಪ್ಪ ಎಡಕ್ಕೆ, ಅಕ್ಕ ಬಲಕ್ಕೆ ನಡೆದರೆ ಅಪ್ಪನೂ ತೇಲಿಕೊಂಡು ಬಲಕ್ಕೆ. ಅಷ್ಟು ನಾಜೂಕಿನ ಕೆಲಸ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಕಿಡಕಿ ಚಲಿಸುವಂತೆ ಮಾಡುವುದು ಅಕ್ಕನ ನೋಟ್‌ಬುಕ್ಕಿನಲ್ಲೇ ಇತ್ತು.

ಮನೆಯಲ್ಲಿ ಎಲ್ಲರೂ ಕೂಡಿ ಸಿಡಿ ನೋಡಿದೆವು. ಅವ್ವ ಅಪ್ಪನನ್ನು ಕಂಡಾಗಲೆಲ್ಲ ಕಣ್ಣೊರೆಸಿಕೊಂಡಳು. ಓಣಿಯವರು, "ಮಗಾ ಅಂದ್ರ ಹಿಂಗ ಇರಬೇಕ ನೋಡವಾ" ಎಂದರು. ಅರ್ಧ ತಾಸಿನ ಮೇಲೆ ಅಕ್ಕ ನಕ್ಕಳು.

"ಏನಲೇ ತಮ್ಮಾ, ನಾ ಎಲ್ಲಿ ನಿಂತಿದ್ನಿ ಅಲ್ಲೆಲ್ಲಾ ಅಪ್ಪ ಬಂದು ನಿಂತಾನಲ್ಲ."

ಎಲ್ಲರೂ ಅದನ್ನು ಭಾಗ್ಯವೆಂದೇ ತಿಳಿದರು. ನಾನು ಟೀವಿಯ ಆವಾಜು ಹೆಚ್ಚು ಮಾಡಿದೆ. ಮರುದಿನ ಹನ್ನೊಂದಕ್ಕೆ ಅಕ್ಕ ಅಂಗಡಿಗೆ ಬರಲಿಲ್ಲ. ಕಣ್ಣು ನೋಯುತ್ತವೆ ಎಂದಳು. ಆಮೇಲೆ ಹೊಲಿಗೆ ಮಷೀನು ಕೊಂಡಳು. ಕಣ್ಣು ನೋಯುವವರು ಸೂಜಿಗೆ ದಾರ ಪೋಣಿಸುತ್ತಾರೆಯೇ ಎಂದು ನಾನು ಕೇಳಲಿಲ್ಲ. ವರ್ಷದೊಳಗೆ ನನ್ನ ಮದುವೆಯಾಯಿತು. ನನ್ನ ಹೆಂಡತಿ ಆ ಸಿಡಿ ನೋಡಿದ್ದು ನಿಜ, ಆದರೆ ಅವಳಿಗೆ ನೆನಪಿರುವುದು ಊಟದ ಪಂಕ್ತಿಯಲ್ಲಿ ಯಾರೋ ಜಿಲೇಬಿ ಕಿಸೆಗೆ ಹಾಕಿಕೊಂಡದ್ದು ಮಾತ್ರ. ಅಕ್ಕನನ್ನು ಮೊದಲ ದಿನವೇ ಕಂಡು, ಮೊದಲ ದಿನವೇ ಅವಳಿಂದ ಜಡೆ ಹಾಕಿಸಿಕೊಂಡಳು. ನಾನು ಹೆದರಿದ್ದು ಯಾರಿಗೆ?

ಪಲ್ಲವಿ ಹೋದ ಮೇಲೆ ಸಿಡಿ ಹಾಕಿ ನೋಡಿದೆ. ಕಿಡಕಿ ತೆಗೆಯಲು ಬರುವುದಿಲ್ಲ. ಒಮ್ಮೆ ಒಂದಾಗಿ ಬೆರೆತು ಸಿಡಿಗೆ ಇಳಿದ ವಿಡಿಯೋದಲ್ಲಿ ಮೇಲಿನ ಚಿತ್ರ, ಕೆಳಗಿನ ಚಿತ್ರ ಎಂದು ಬೇರೆ ಇರುವುದಿಲ್ಲ. ಮೂಲ ಕ್ಯಾಸೆಟ್ಟುಗಳಿದ್ದರೆ ಆಗುತ್ತಿತ್ತು, ಆದರೆ ನಾವು ಕ್ಯಾಸೆಟ್ಟು ಇಟ್ಟುಕೊಳ್ಳುತ್ತಿರಲಿಲ್ಲ. ರೇಣಿಯ ಮದುವೆಯ ಮುಂದಿನ ವಾರವೇ ಕುಂದಗೋಳದ ಒಂದು ತೊಟ್ಟಿಲ ಕಾರ್ಯವನ್ನು ಅವುಗಳ ಮೇಲೆ ತೆಗೆದಿದ್ದೆ.

ಮನೆಗೆ ಹೋಗಿ ಅಕ್ಕನ ಮಷೀನಿನ ಬಳಿ ಕುಳಿತು ಹೇಳಿದೆ. ಅವಳು ಗಾಲಿ ನಿಲ್ಲಿಸಲಿಲ್ಲ.

"ನಂಗೊತ್ತಿಲ್ಲೇನಲೇ? ಕಿಡಕಿ ನಡಸೂದು ನಿನಗ ಕಲಿಸಿದಾಕಿ ನಾನು."

"ಮತ್ತ ಯಾಕ ಬೈಲಿಲ್ಲ?"

"ಬೈದಿದ್ರ ನೀ ಅಳತಿದ್ದಿ, ನಾ ಸಮಾಧಾನ ಮಾಡಬೇಕಾಗ್ತಿತ್ತು. ಅದ್ಯಾರಿಗೆ ಬೇಕು." ದಾರ ಕಡಿದಳು. "ನನಗ ಹೇಳೂದು ಏನೈತಿ, ರೇಣಿಗೆ ಹೇಳು. ಆಕಿ ನನ್ನ ಮ್ಯಾಲ ಅದೊಂದು ಸಿಟ್ಟು ಇಟಗೊಂಡಾಳ. ಅದನ್ನ ಇಳಸು."

ಮದುವೆಯ ಸೀರೆ ಕೊಳ್ಳಲು ರೇಣುಕಾ ಅಣ್ಣಿಗೇರಿಗೆ ಬಂದ ದಿನ ಅಕ್ಕ-ತಂಗಿ ಇಬ್ಬರನ್ನೂ ಅಂಗಡಿಗೆ ಕರೆದೆ. ಹೇಳಿದೆ. ರೇಣಿ ನನ್ನ ಮುಖ ನೋಡಲಿಲ್ಲ.

"ಅಣ್ಣಾ, ವರ್ಷಾ ಪಂಚಮಿಗೆ ಬಂದಾಗೆಲ್ಲಾ ನಿನ್ನ ಮುಂದನ ಅಕ್ಕಗ ಅಂದೀನಿ, 'ನೀ ನಿಲ್ಲಲಿಲ್ಲ' ಅಂತ. ಬಾಯಿ ಮುಚಗೊಂಡು ಹೋಳಿಗಿ ತಿಂತಾ ಕುಂತಿದ್ದೆಲ್ಲೋ."

ಸಿಡಿ ಹಚ್ಚಿದೆ. ಅಕ್ಕ ಪರದೆಯ ಹತ್ತಿರ ಸರಿದು, ಅಪ್ಪನ ಮೇಲೆ ಬೆರಳಿಟ್ಟು ಹೇಳತೊಡಗಿದಳು. "ಇಲ್ಲಿ ನಿನಗ ನೀರು ಕುಡಿಸಾಕತ್ತೀನಿ. ಇಲ್ಲಿ ಬಾಸಿಂಗದ ದಾರ ಬಿಚ್ಚಿತ್ತು, ಕಟ್ಟಾಕತ್ತೀನಿ. ಇಲ್ಲಿ ಅಳು ಬಂದಿತ್ತು, ಆ ಕಡೆ ತಿರುಗೀನಿ." ರೇಣಿ ಅಂದು ಮಂದಿಯ ನೂಕಾಟದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು. ಬೆನ್ನ ಹಿಂದೆ ಯಾರಿದ್ದರೆಂದು ಇಪ್ಪತ್ಮೂರು ವರ್ಷದ ಮೇಲೆ ಕೇಳಿಸಿಕೊಂಡಳು. ಅಕ್ಕಿಕಾಳು ಬಿದ್ದವು. ಒಮ್ಮೆಲೇ ಅವಳು, "ನಿಲ್ಲಸು" ಎಂದು ಕೂಗಿದಳು.

ಅಲ್ಲಿ ನನ್ನ ನಾಜೂಕು ತಪ್ಪಿತ್ತು. ಅಪ್ಪನ ದುಂಡು ಕಿಡಕಿಯ ಅಂಚಿನಿಂದ ಹೊರಗೆ, ರೇಣಿಯ ಹೆಗಲ ಮೇಲೆ ನಾಲ್ಕು ಬೆರಳು. ತುದಿಗೆ ಬೆಳ್ಳಗಿದ್ದವು.

"ಇದನ್ನ ದೊಡ್ಡದು ಮಾಡಿ ಪರದೆ ಮ್ಯಾಲ ಹಾಕು" ಎಂದಳು ರೇಣಿ.

"ಹಳೇ ಸಿಡಿ ರೇಣೀ, ಅಷ್ಟು ದೊಡ್ಡದು ಮಾಡಿದ್ರ ಒಡೀತೈತಿ."

"ಒಡದ್ರ ಒಡೀಲಿ. ಹಾಕು."

ಮಾಡಿದೆ. ಈಗ ಅದು ಕಂದು ಮತ್ತು ಬಿಳಿ ಚೌಕಗಳ ಒಂದು ರಾಶಿ. ಬೆರಳು ಯಾವುದು, ಸೀರೆ ಯಾವುದು ಎಂದು ಬೇರೆಯವರಿಗೆ ತಿಳಿಯುವಂತಿಲ್ಲ. ಮದುವೆಯ ದಿನ ಜನ ಬಂದು, "ಪರದೆ ಕೆಟ್ಟೈತೇನ್ರಿ?" ಎಂದು ಕೇಳುವುದು ಖಂಡಿತ. ಕೇಳಿದವರಿಗೆಲ್ಲ ಪರದೆಯ ಪಕ್ಕ ನಿಂತು ನಡೆದದ್ದನ್ನೆಲ್ಲ ನಾನೇ ಹೇಳಬೇಕೆಂದು ರೇಣುಕಾ ಕರಾರು ಹಾಕಿದ್ದಾಳೆ. ಅಕ್ಕ ಬೇಡ ಎನ್ನಲಿಲ್ಲ.

ಇನ್ನು ಹನ್ನೆರಡು ದಿನ ಇವೆ. ಎದುರಿಗೆ ನಿಂತವರಿಗೆ ತಡವರಿಸದೆ ಹೇಳಲು ಬರುತ್ತದೆಯೇ ಎಂದು, ಮೊದಲು ನಿಮಗೆ ಹೇಳಿ ನೋಡಿದೆ.