ನಾಯಿಯ ಕಣ್ಣಿಗೆ ನನ್ನ ಔಷಧಿ

ಇದನ್ನು ಹೇಳಬೇಕೆಂದುಕೊಂಡು ಆರು ವರ್ಷವಾಯಿತು. ಮಳೆಗಾಲ ಕಳೆಯಲಿ ಅಂದೆ, ಆಮೇಲೆ ಮಂಡಿನೋವು ಕಡಿಮೆಯಾಗಲಿ ಅಂದೆ. ಮಳೆಗಾಲ ಆರು ಸಲ ಕಳೆಯಿತು, ಮಂಡಿನೋವು ಹಾಗೇ ಇದೆ.

ನಾನು ಕುಮಟೆಯ ಒಂದು ಚಷ್ಮಾ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ದುಡಿದವನು. ಓದಿದ್ದು ಹೈಸ್ಕೂಲು. ಡಾಕ್ಟರು ಬರೆದ ನಂಬರಿಗೆ ಗಾಜು ಕೂರಿಸಿ, ಕಿವಿಗೆ ಸರಿಯಾಗಿ ಕಡ್ಡಿ ಬಗ್ಗಿಸುವುದಷ್ಟೇ ನನ್ನ ವಿದ್ಯೆ. ಆದರೂ ಹೊನ್ನಾವರದ ನಮ್ಮ ಕೇರಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ನನ್ನ ಬಾಗಿಲಿಗೇ ಬರುತ್ತಿದ್ದರು. ನಾನು ರೆಪ್ಪೆ ಎತ್ತಿ, ಗಂಭೀರವಾಗಿ "ಹ್ಞೂಂ" ಅನ್ನುತ್ತಿದ್ದೆ. ನೂರು ಸಲ "ಹ್ಞೂಂ" ಅಂದಮೇಲೆ ಮನುಷ್ಯನಿಗೆ ತಾನು ಡಾಕ್ಟರೇ ಅನ್ನಿಸಿಬಿಡುತ್ತದೆ.

ಪಕ್ಕದ ಮನೆಯಾಕೆ ಮೀನು ಮಾರುವವಳು. ಬಂದರಿನ ಹರಾಜಿನಲ್ಲಿ ಅವಳು ಬುಟ್ಟಿಗೆ ಕೈ ಹಾಕುತ್ತಿರಲಿಲ್ಲ. ನಿಂತಲ್ಲಿಂದಲೇ ಮೀನಿನ ಕಣ್ಣು ನೋಡಿ, "ಇದು ಇವತ್ತಿಂದು, ಅದು ನಿನ್ನೆದು" ಅಂದುಬಿಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ನೋಟದ ಬಲದಿಂದಲೇ ಮಗಳನ್ನು ಬೆಳೆಸಿ ಭಟ್ಕಳಕ್ಕೆ ಕೊಟ್ಟಿದ್ದಳು. ಮಗಳ ಬಾಣಂತನಕ್ಕೆ ಹೊರಟಾಗ ತನ್ನ ನಾಯಿಯನ್ನು ನನ್ನ ಜಗುಲಿಗೆ ತಂದು ಕಟ್ಟಿದಳು.

"ಅಣ್ಣಾ, ಟೈಗರನ್ನ ಒಂದು ತಿಂಗ್ಳು ನೋಡ್ಕಳಿ. ಹೆಸರು ಮಾತ್ರ ಟೈಗರು, ಏಡಿ ಕಂಡ್ರೆ ಓಡ್ತದೆ."

"ಆತು, ನೀ ಆರಾಮ ಹೋಗಿ ಬಾ ಮಾರಾಯ್ತಿ. ನಾ ಇಲ್ವಾ?" ಅಂದೆ.

ಎಂಟನೆಯ ದಿನ ಟೈಗರ್ ಎಡಗಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ನೀರು ಸುರಿಯುತ್ತಿತ್ತು. ಬಿಸಿಲಿಗೆ ಬರಲೊಲ್ಲದೆ ಮಂಚದಡಿ ಸೇರಿ, ಮುಂಗಾಲಿನಿಂದ ಕಣ್ಣು ಉಜ್ಜಿಕೊಳ್ಳುತ್ತಿತ್ತು. ನೋವು ಹೇಳಿಕೊಳ್ಳಲು ನಾಯಿಗೆ ಇರುವ ಭಾಷೆ ಇಷ್ಟೇ ಎಂದು ಈಗ ಗೊತ್ತು. ಜಗತ್ತನ್ನು ಅದು ಮೂಗಿನಿಂದ ಓದುತ್ತದೆ. ಹಾಗಾಗಿ ಒಂದು ಕಣ್ಣು ಹೋಗುತ್ತಿದ್ದರೂ ಅನ್ನದ ತಟ್ಟೆಗೆ ನೇರ ಬರುತ್ತದೆ, ನಾವು ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ.

ಆ ವರ್ಷವೇ ನಾನು ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಕಪಾಟಿನಲ್ಲಿ ಅರ್ಧ ಬಾಟಲಿ ಔಷಧಿ ಉಳಿದಿತ್ತು. ನನ್ನ ಕಣ್ಣಿಗೆ ಆಗಿದ್ದು ನಾಯಿಗೆ ಆಗದೇ? ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿ ಹಾಕಿದೆ. ಅಷ್ಟು ಶ್ರದ್ಧೆಯಿಂದ ನನ್ನ ಕಣ್ಣಿಗೂ ಹಾಕಿಕೊಂಡಿರಲಿಲ್ಲ.

ಐದು ದಿನದಲ್ಲಿ ಕಣ್ಣಿನ ಮೇಲೆ ನೀಲಿ ಬಿಳುಪಿನ ಮೋಡ ಕವಿಯಿತು. ಹೆದರಿ, ಆಟೋದಲ್ಲಿ ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಏನೋ ಬಣ್ಣದ ಹನಿ ಬಿಟ್ಟು ನೋಡಿದರು. ಕಣ್ಣುಗುಡ್ಡೆಯ ಮೇಲಿನ ಗಾಯ ಹಸಿರಾಗಿ ಎದ್ದು ಕಂಡಿತು.

"ಎಂತ ಹಾಕಿದ್ರಿ ಇದಕ್ಕೆ?"

ಬಾಟಲಿ ತೋರಿಸಿದೆ.

"ಅಯ್ಯೋ ಅಜ್ಜಾ, ಇದರಲ್ಲಿ ಸ್ಟಿರಾಯ್ಡ್ ಇದೆ. ಕಣ್ಣು ಗೀರಿದಾಗ ಇದನ್ನ ಹಾಕಿದ್ರೆ ಗಾಯ ಮಾಯೂದಿಲ್ಲ, ದೊಡ್ಡದಾಗ್ತದೆ. ಮೊದಲ ದಿನವೇ ತರೂಕೆ ಎಂತ ಆಗಿತ್ತು?"

ಅವರು ಏನೆಲ್ಲ ಮಾಡಿದರೂ ಆ ಕಣ್ಣು ಉಳಿಯಲಿಲ್ಲ.

ಭಟ್ಕಳದಿಂದ ಅವಳು ಬಂದಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು: "ಅಣ್ಣಾ, ಇದರ ಕಣ್ಣಿಗೆ ಎಂತ ಆತು?"

"ನೀ ಹೋಗುವಾಗ್ಲೇ ಮಂಜಾಗಿತ್ತಲ್ಲ ತಂಗಿ. ನಿಂಗೆ ಕಂಡಿಲ್ವಾ?"

ಇದು ನಾನು ಆಡಿದ ಮಾತು. ಅವಳು ಬೈದಿದ್ದರೆ ನಿಜ ಬಾಯಿಗೆ ಬರುತ್ತಿತ್ತೇನೋ. ಬೈಯಲಿಲ್ಲ. ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಊರಿನ ಮೀನಿನ ಕಣ್ಣೆಲ್ಲ ನೋಡ್ದೆ, ನಿಂದು ನೋಡ್ಲಿಲ್ಲ ನಾನು" ಎಂದು ಅದಕ್ಕೇ ಹೇಳಿದಳು.

ಸುಳ್ಳಿಗೆ ಒಂದು ಆಧಾರ ಬೇಕಲ್ಲ. ಮುಂದಿನ ವಾರ, ಮಂಜಾಗಿರುವುದು ಅವಳ ಕಣ್ಣೇ ಎಂದು ಹೇಳಿ, ನನ್ನ ಹಳೆಯ ಅಂಗಡಿಯಿಂದ ಅವಳಿಗೊಂದು ಚಷ್ಮಾ ತಂದುಕೊಟ್ಟೆ. ಅದು ಹತ್ತಿರದ್ದನ್ನು ನೋಡುವ ನಂಬರಿನದು. ಹಾಕಿಕೊಂಡು ದೂರ ನೋಡಿದರೆ ಮಂಜು. ಗೊತ್ತಿದ್ದೂ ಹೇಳಲಿಲ್ಲ. ಅವಳು ಬೆಳಗಿನಿಂದ ಸಂಜೆಯವರೆಗೆ ಹಾಕಿಕೊಂಡಳು.

ಬಂದರಿನಲ್ಲಿ ಹೆಂಗಸರು, "ಓಹೋ, ಟೀಚರಮ್ಮ! ಬಂಗಡೆಗೆ ಪಾಠ ಉಂಟಾ ಇವತ್ತು?" ಅಂದರು. ಅವಳೂ ನಕ್ಕಳು. ಆದರೆ ನಿಂತಲ್ಲಿಂದ ಹೇಳುವುದು ನಿಂತುಹೋಯಿತು. ಒಂದು ದಿನ ಮೀನಿಗೆ ಹೋದವನು ಕಣ್ಣಾರೆ ಕಂಡೆ. ಬಗ್ಗಿ ಕಿವಿರು ಬಿಡಿಸಿ, ಹೊಟ್ಟೆ ಒತ್ತಿ, ತನಗಿಂತ ಕಿರಿಯಳೊಬ್ಬಳನ್ನು ಕೇಳುತ್ತಿದ್ದಳು: "ಇದು ತಾಜಾ ಹೌದನೇ? ನಂಗೆ ಸಮ ಕಾಣೂದಿಲ್ಲ." ಅಲ್ಲೇ ಹೇಳಬೇಕಿತ್ತು. ಮೀನು ಕೊಳ್ಳದೆ ಮನೆಗೆ ಬಂದೆ.

ಎರಡು ವರ್ಷಕ್ಕೆ ವ್ಯಾಪಾರ ಬಿಟ್ಟು, ಟೈಗರನ್ನೂ ಕಟ್ಟಿಕೊಂಡು ಮಗಳ ಮನೆಗೆ ಹೋದಳು. ಪಕ್ಕದ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ಒಳ್ಳೆಯವರು. ಆದರೆ ಬೆಳಿಗ್ಗೆ ಬೇಲಿಯ ಮೇಲಿಂದ "ಅಣ್ಣಾ, ಚಾ ಆತಾ?" ಅನ್ನುವವರಿಲ್ಲ. ಬುಟ್ಟಿ ಹೊತ್ತ ಯಾರ ಕೂಗು ಕೇಳಿದರೂ ನಾನು ಎದ್ದು ಹೊರಗೆ ಬರುತ್ತೇನೆ. ಬೇರೆ ಯಾರೋ ಇರುತ್ತಾರೆ. ಬೀದಿಯ ನಾಯಿಗಳ ಕಣ್ಣನ್ನಂತೂ ಬಗ್ಗಿ ಬಗ್ಗಿ ನೋಡುತ್ತೇನೆ. ನಾಯಿ ಸಾಕಿದವರು ಸಿಕ್ಕರೆ, "ಕಣ್ಣಲ್ಲಿ ನೀರು ಸುರಿದರೆ, ಕೆಂಪಾದರೆ, ಪಿಳಿಪಿಳಿ ಮಾಡಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ಮನೆಯ ಬಾಟಲಿ ಮುಟ್ಟಬೇಡಿ" ಅನ್ನುತ್ತೇನೆ. ಚಷ್ಮಾದ ಅಜ್ಜನಿಗೆ ಎಷ್ಟು ಗೊತ್ತು ಎಂದು ಹೊಗಳುತ್ತಾರೆ.

ಇದನ್ನೆಲ್ಲ ಬರೆದು ಮುಗಿಸುವಾಗ ಇನ್ನೊಂದು ಹೊಳೆಯಿತು. ಅವಳಿಗೆ ಓದಲು ಬರುವುದಿಲ್ಲ. ಬಹುಶಃ ಅದಕ್ಕೇ ನಾನು ಇಷ್ಟು ಧೈರ್ಯವಾಗಿ ಬರೆದೆ. ಭಟ್ಕಳದ ಕಡೆಯವರು ಯಾರಾದರೂ ಓದಿದರೆ, ದಯವಿಟ್ಟು ಅವಳಿಗೆ ಓದಿ ಹೇಳಬೇಡಿ. ಬಸ್ಸಿಗೆ ಒಂದೇ ತಾಸಿನ ದಾರಿ, ನಾನೇ ಬರುತ್ತೇನೆ. ಮನೆ ಎಲ್ಲಿ ಎಂದು ಮಾತ್ರ ತೋರಿಸಿ.

ಅವಳ ಹೆಸರು ಗುಲಾಬಿ.