ನಡುವೆ ತಪ್ಪುವ ಬಡಿತ

ಪೊಲೀಸ್ ಕೆಲಸಕ್ಕೆ ಸೇರಬೇಕೆಂದು ಮಧುಗಿರಿಗೆ ಹೋದ ದಿನ, ಮೈ ಪರೀಕ್ಷೆ ಮಾಡುವ ಡಾಕ್ಟರು ನನ್ನ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು.

"ತಲೆ ಸುತ್ತುತ್ತಾ? ಎಚ್ಚರ ತಪ್ಪಿದ್ದುಂಟಾ? ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ದಿಢೀರನೆ ಹೋದದ್ದುಂಟಾ?"

ಯಾವುದೂ ಇಲ್ಲ, ಕುಸ್ತಿ ಆಡುವವನು ಎಂದೆ. ದಿನಾ ಗರಡಿ ಮಣ್ಣಿಗಿಳಿದು ಹೋರಿಯಂಥವರನ್ನು ಕೆಡವಿ ಬರುವವನಿಗೆ ಇದೆಂಥ ಪ್ರಶ್ನೆ ಎಂದು ಸಿಟ್ಟೂ ಬಂತು. ಬಸ್ಕಿ ಹೊಡೆಸಿ ಮತ್ತೆ ಕೇಳಿದರು.

"ದಣಿದಾಗ ಸರಿಯಾಗಿ ಬಡಿಯುತ್ತೆ. ಸುಮ್ಮನಿದ್ದಾಗ ನಡುವೆ ತಪ್ಪುತ್ತೆ. ಬಹುಶಃ ಭಯವಿಲ್ಲ. ಆದರೂ ಬೆಂಗಳೂರಿನಲ್ಲಿ ಯಂತ್ರವಿಟ್ಟು ನೋಡುವವರೆಗೆ ಕುಸ್ತಿ ಬೇಡ."

ನಮ್ಮೂರು ತಲುಪುವಷ್ಟರಲ್ಲಿ ಅವರ 'ಬಹುಶಃ' ದಾರಿಯಲ್ಲೇ ಉದುರಿಹೋಗಿತ್ತು. ಎದೆ ನಿಂತು ನಿಂತು ಬಡಿಯುತ್ತದಂತೆ ಎಂಬುದಷ್ಟೇ ಊರ ಬಾಯಲ್ಲಿ ಉಳಿಯಿತು. ನೀರು ಸೇದಲು ಹೋದರೆ ಅವ್ವ ಕೈಯಿಂದ ಹಗ್ಗ ಕಿತ್ತುಕೊಳ್ಳುತ್ತಿದ್ದಳು.

ಶಿರಾ ಕಡೆಯಿಂದ ಬಂದು ನಮಗೆ ಪಟ್ಟು ಕಲಿಸುತ್ತಿದ್ದ ಉಸ್ತಾದರು, "ಬೇಟಾ, ಮಣ್ಣು ಹದ ಮಾಡು, ಸಾಕು" ಎಂದರು. ಕೆಮ್ಮಣ್ಣಿಗೆ ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ ನಾನು ಹದ ಮಾಡುವುದು, ಅದರಲ್ಲಿ ಉಳಿದವರು ಹೊರಳುವುದು. ಒಂದು ಕೆಮ್ಮೂ ಇಲ್ಲದ ರೋಗಿ ನಾನು. ಗೋಡೆಗೆ ಒರಗಿ ಕೂತಾಗ ಅಳು ಬರುತ್ತಿತ್ತು.

ಕೊನೆಗೆ ಬೆಂಗಳೂರಿಗೆ ಹೋದೆ. ಎದೆಯ ಬಡಿತವನ್ನು ಗೆರೆಯಾಗಿ ಬರೆಸಿ, ಮೆಟ್ಟಿಲು ಹತ್ತಿಸಿ ಇಳಿಸಿ, ಅಲ್ಲಿಯ ದೊಡ್ಡ ಡಾಕ್ಟರು ನಕ್ಕರು. "ಧಾರಾಳವಾಗಿ ಆಡು. ತಲೆ ಸುತ್ತಿದರೆ ಮಾತ್ರ ತಕ್ಷಣ ಬಾ."

ಮರುದಿನವೇ ಲಂಗೋಟಿ ಬಿಗಿದೆ. ಎದುರಿಗೆ ನಿಂತವನು ಚಿಕ್ಕಂದಿನಿಂದಲೂ ನನ್ನ ಜೋಡಿ, ಗಾಣದವರ ಮಗ. ನಾನು ಕೆಡವಿದ್ದಕ್ಕಿಂತ ಅವನು ನನ್ನನ್ನು ಕೆಡವಿದ್ದೇ ಹೆಚ್ಚು. ಕೈಗೆ ಕೈ ಕೊಟ್ಟು ಇನ್ನೂ ಪಟ್ಟು ಹಾಕಿರಲಿಲ್ಲ, ತಾನೇ ಜಾರಿ ಬೆನ್ನು ಮಣ್ಣಿಗೆ ಹಚ್ಚಿಬಿಟ್ಟ. ಸುತ್ತ ನಿಂತವರು ಶಭಾಷ್ ಎಂದರು. ಮಾರನೆಯ ದಿನ ಇನ್ನೊಬ್ಬನೂ ಹಾಗೆಯೇ ಬಿದ್ದ.

ಬಾವಿಕಟ್ಟೆಯಲ್ಲಿ ಮೈ ತೊಳೆಯುತ್ತಿದ್ದ ಗಾಣದವರ ಮಗನನ್ನು ತಡೆದು ಕೇಳಿದೆ.

"ಯಾಕ್ಲಾ ಬೇಕಂತ ಬಿದ್ದೆ? ದೊಡ್ಡ ಡಾಕ್ಟ್ರೇ ಆಡು ಅಂದವ್ರೆ ಕಣ್ಲಾ."

"ಅಂದಿರ್ಬೌದು ಕಣ್ಲಾ. ನನ್ ಕೈಯಾಗೇ ನೀನು ಹೋಗ್ಬುಟ್ರೆ, ನಿಮ್ಮವ್ವಂಗೆ ಹೆಂಗ್ಲಾ ಮಕ ತೋರ್ಸ್ಲಿ?"

ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಎಷ್ಟೋ ವರ್ಷ ಆ ಗರಡಿಯಲ್ಲಿ ಆಡಿದೆ. ನನ್ನ ಬೆನ್ನಿಗೆ ಮತ್ತೆ ಮಣ್ಣು ಹತ್ತಲೇ ಇಲ್ಲ.