ಬದುವಿನ ಮೇಲೆ ನಿಂತು ಕೂಗಿದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮೊದಲು ಮುಗಿಸಿದಾಕಿ ನಾನು. ಬೆಳಗ್ಗೆ ಕಬ್ಬಿನ ಕಳೆ ತೆಗೆದು, ಕೈ ತೊಳೆದು, ಸತ್ತಿಯಿಂದ ಅಥಣಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ರಾಜ್ಯಶಾಸ್ತ್ರ ಓದಿದೆ. ಈಗ ಅದನ್ನೇ ಕಲಿಸುತ್ತೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಹಂಗಾಗಿ ಆ ಬೇಸಿಗೆಯಲ್ಲಿ ಪಾಕಿಸ್ತಾನದ ಗಡಿಯಲ್ಲಿ ಗುಂಡಿನ ಸದ್ದು ಶುರುವಾದಾಗ, ಡೇರಿಗೆ ಹಾಲಿನ ಕ್ಯಾನು ಹಿಡಿದು ಹೋದರೆ ಸಾಕು, ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಅಣುಬಾಂಬ್ ಹಾಕುತ್ತಾರೇನ್ರಿ ಮೇಡಂ? ನಮ್ಮವರು ಒಂದೇ ಸಲ ಹೊಡೆದು ಮುಗಿಸಬಾರದೇನು? ಬಾಂಬು ಇಬ್ಬರ ಕೈಯಲ್ಲೂ ಇರುವಾಗ ಹೊಡೆಯುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಅನ್ನುವುದೇ ದೊಡ್ಡ ಕಷ್ಟ, ಅದಕ್ಕೇ ಗುಂಡು ಹಾರುವಾಗಲೂ ಎರಡೂ ಕಡೆಯ ಸೈನ್ಯದ ದೊಡ್ಡ ಅಧಿಕಾರಿಗಳ ನಡುವೆ ಒಂದು ಫೋನು ಇಟ್ಟಿರುತ್ತಾರೆ ಅಂತ ತಿಳಿಸಿ ಹೇಳುತ್ತಿದ್ದೆ. ಹಾಲು ಅಳೆಯುವವನು ಮಾತ್ರ ನಿಶ್ಚಿಂತ. "ಸತ್ತಿಗೆ ಬಸ್ಸೇ ಟೈಮಿಗೆ ಬರೂದಿಲ್ಲ, ಬಾಂಬ್ ಎಲ್ಲಿಂದ ಬರತೈತ್ರಿ" ಅಂದ.

ನನಗೆ ನಗಲು ಆಗಲಿಲ್ಲ. ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ, ಮಗ ಸೈನ್ಯ ಸೇರಿ ಆ ಗಡಿಯಲ್ಲಿದ್ದ. ನಾವಿಬ್ಬರೂ ಒಂದೇ ವಯಸ್ಸಿನ, ಒಂದೇ ವಾರಿಗೆಯವರು. ಉಗಾರದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಹಿಂದೆ ಓಡಿ ಕಬ್ಬಿನ ಗಳ ಎಳೆದುಕೊಂಡು, ಹೊಳೆದಂಡೆಯಲ್ಲಿ ಕೂತು, ತುಟಿ ಹರಿಯುವ ತನಕ ತಿಂದವರು. ಆ ಸಂಜೆಗಳ ಸಿಹಿ ಆಮೇಲೆ ಯಾವ ಕಬ್ಬಿನಲ್ಲೂ ಸಿಕ್ಕಿಲ್ಲ. ಈಗ ಅವನ ಫೋನು ಬರುವುದೇ ನಿಂತಿತ್ತು. ಕಾಕಾ ಊಟ ಬಿಟ್ಟಿದ್ದಾನೆ ಅಂತ ಚಿಕ್ಕವ್ವ ನಮ್ಮವ್ವನ ಮುಂದೆ ಕೂತು ಅತ್ತಳು. ಹೆಂಗಸರು ಮಾತಾಡುತ್ತಿದ್ದರು. ಅಪ್ಪ ಮತ್ತು ಕಾಕಾ ಮಾತ್ರ ಹೊಲ ಪಾಲಾದಾಗಿನಿಂದ ಮಾತು ಬಿಟ್ಟವರು.

ಒಂದು ಮಧ್ಯಾಹ್ನ ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ದಿದ್ದೆ. ಅಲ್ಲೇ ನನ್ನ ಫೋನು ರಿಂಗಾಯಿತು. ಕಾಕಾನ ಮಗನೇ. ತನ್ನಪ್ಪನ ಫೋನು ಸ್ವಿಚ್ ಆಫ್ ಬರುತ್ತಿದೆಯಂತೆ. ಆರಾಮಿದ್ದೇನೆ, ಮನೆಯಲ್ಲಿ ಹೇಳು ಅಂದ, ಅಷ್ಟಕ್ಕೇ ಕಟ್ಟಾಯಿತು. ಕಾಕಾ ಬಾಜೂ ಹೊಲದಲ್ಲೇ ನೀರು ಹಾಯಿಸುತ್ತಿದ್ದ. ನಾನು ಅಪ್ಪನಿಗೆ ವಿಷಯ ತಿಳಿಸಿ, ಕಾಕಾನ ಕಡೆ ಹೋಗಲು ಚಪ್ಪಲಿ ಮೆಟ್ಟಿದೆ.

"ನೀ ಕುಂದರ ಬೇ," ಅಂದ ಅಪ್ಪ. "ನಾ ಹೇಳ್ತೀನಿ."

ಹೇಳುವುದು ಹೇಗೆ? ನಮ್ಮ ಕಡೆ ಕಬ್ಬು ಕಡಿದ ಮೇಲೆ ಉಳಿದ ಒಣ ರವದಿಗೆ ಬೆಂಕಿ ಹಚ್ಚುವ ಮೊದಲು, ಬದುವಿನ ಮೇಲೆ ನಿಂತು ಬಾಜೂ ಹೊಲದವನಿಗೆ ಕೂಗಿ ಹೇಳಲೇಬೇಕು, ಎಂಥ ವೈರಿಯಾದರೂ ಸರಿ. ಹೆಸರು ಹಿಡಿಯುವುದಿಲ್ಲ, ಮುಖ ನೋಡುವುದಿಲ್ಲ. ಹೊಳೆ ಕಡೆ ತಿರುಗಿ ಕೂಗುವುದು. ಇಷ್ಟು ವರ್ಷ ಅಣ್ಣತಮ್ಮಂದಿರ ನಡುವೆ ನಡೆದ ಮಾತು ಅದೊಂದೇ. ಅಪ್ಪನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಬದು ಹತ್ತಿ, ಹೊಳೆ ಕಡೆ ತಿರುಗಿ, "ಹೋ, ಬಾಜೂದವ್ರ" ಅಂತ ದನಿ ಎತ್ತಿದ.

ಮುಂದಿನದು ಕೇಳಲು ಕಾಕಾ ನಿಲ್ಲಲಿಲ್ಲ. ಆ ಕೂಗು ಬಂತೆಂದರೆ ಬೆಂಕಿ, ಮತ್ತೇನಲ್ಲ. ಕಾಲುವೆಯಲ್ಲಿ ಗೋಣಿಚೀಲ ಅದ್ದಿ ಹೆಗಲ ಮೇಲೆ ಒಗೆದುಕೊಂಡು, ಸೊಂಟಮಟ ಬೆಳೆದ ಕಬ್ಬು ಸೀಳಿಕೊಂಡು ಓಡಿ ಬಂದ.

"ಎಲ್ಲೈತಿ ಬೆಂಕಿ?" ಕೇಳಿದ್ದು ನನ್ನನ್ನು, ಅಪ್ಪನನ್ನಲ್ಲ.

ಅಪ್ಪ ಹೊಳೆ ನೋಡುವುದು ಬಿಟ್ಟು ಅವನ ಕಡೆ ತಿರುಗಿದ. "ಬೆಂಕಿ ಅಲ್ಲೋ ತಮ್ಮಾ. ನಿನ್ನ ಮಗ ಫೋನ್ ಮಾಡಿದ್ದ. ಆರಾಮ ಅದಾನಂತ."

ಕಾಕಾ ಬದುವಿನ ಮೇಲೆ ಕೂತ. ಚೀಲದ ನೀರು ಅಂಗಿಯನ್ನೆಲ್ಲ ತೋಯಿಸುತ್ತಿದ್ದರೂ ಕೆಳಗಿಳಿಸಲಿಲ್ಲ. ದನಿ ಹೆಂಗಿತ್ತು ಅಂತ ನನ್ನನ್ನು ಕೇಳಿದ. ಗಟ್ಟಿ ಇತ್ತು, ಅಂದೆ.

ಮುಂದೆ ಗಡಿಯಲ್ಲಿ ಸದ್ದು ನಿಂತಿತು, ಅಪ್ಪ ಕಾಕಾ ಇಬ್ಬರೂ ಮತ್ತೆ ಮಾತು ಬಿಟ್ಟು ಬದುವಿನ ಆಚೆ ಈಚೆ ಆದರು; ಅದನ್ನೇನೂ ಮುಚ್ಚಿಡುವುದಿಲ್ಲ. ಆದರೂ ಆ ಮಧ್ಯಾಹ್ನ ಇವತ್ತಿಗೂ ನನಗೆ ಬೇಕು ಅನಿಸುತ್ತದೆ. ಅವತ್ತು ನಾನು ಹೇಳಿದ್ದು ಸಾಲದೆ ಕಾಕಾ ಅಪ್ಪನ ಕಡೆ ಮುಖ ಎತ್ತಿದ.

"ಇನ್ನೊಮ್ಮೆ ಹೇಳಣ್ಣಾ."

ಅಪ್ಪ ಅವನ ಬಾಜೂ ಕೂತು, ಮೊದಲಿನಿಂದ ಹೇಳಿದ.